ಸುತ್ತು ಹಾಕುವ ಎಕ್ಸ್‌ರೇ ಗುರುಗಳು

ಆಸ್ಪತ್ರೆಯ ನೆಲಮಾಳಿಗೆಯ ಎಕ್ಸ್‌ರೇ ಕೋಣೆಯಲ್ಲಿ ಅವನ ಮಾತೆಂದರೆ ಮಾತು. ಗಾಜಿನ ಕಿಟಕಿಯ ಹಿಂದೆ ನಿಂತು, "ಉಸಿರು ಎಳ್ಕೊಳ್ಳಿ... ಹಾಗೇ ಹಿಡ್ಕೊಳ್ಳಿ... ಹಾಂ, ಬಿಡಿ" ಎಂದರೆ ಎಂಥ ದೊಡ್ಡ ಮನುಷ್ಯನೂ ಎದೆಯುಬ್ಬಿಸಿ ಗೊಂಬೆಯ ಹಾಗೆ ನಿಲ್ಲುತ್ತಿದ್ದ. ಆ ಬಾಗಿಲು ದಾಟಿ ಆಚೆ ಬಂದನೋ, ಮುಗಿಯಿತು. ಅವನ ಮಾತನ್ನು ನಾಯಿಯೂ ಮೂಸುತ್ತಿರಲಿಲ್ಲ.

ಮೂಗನೇನಲ್ಲ. ಮಾತು ಸ್ವಲ್ಪ ನಿಧಾನ, ಅಷ್ಟೇ. ವಾಕ್ಯ ಶುರುಮಾಡಿ, ನಡುವೆ ಸರಿಯಾದ ಪದ ಹುಡುಕಲು ಒಂದು ಗಳಿಗೆ ನಿಲ್ಲುತ್ತಿದ್ದ. ನಿಂತದ್ದೇ ತಪ್ಪು. ನಿಂತ ಬಸ್ಸಿಗೆ ಜನ ನುಗ್ಗುವ ಹಾಗೆ ಎಲ್ಲರೂ ಆ ಸಂದಿಯಲ್ಲಿ ನುಗ್ಗಿ ಸೀಟು ಹಿಡಿದುಬಿಡುತ್ತಿದ್ದರು. ಎಲ್ಲರಿಗಿಂತ ಮುಂದೆ ಅವನ ಹೆಂಡತಿ. ಆಕೆ ಶಾಲೆಯಲ್ಲಿ ಗಣಿತದ ಮೇಡಂ. ಗಂಡನೆಂದರೆ ಪ್ರಾಣ, ಅದೇ ತೊಂದರೆ. ಅವನು ಪದಕ್ಕೆ ತಡಕಾಡುವುದನ್ನು ನೋಡಲಾರದೆ ವಾಕ್ಯವನ್ನು ತಾನೇ ಮುಗಿಸಿ ಕೈಗೆ ಕೊಡುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಒಂದು ದಿನ ಟೀ ಕುಡಿಯುತ್ತಾ, "ಸಕ್ಕರೆ ಸ್ವಲ್ಪ ಕಡಿಮೆ..." ಎಂದಿದ್ದ. "ಅಷ್ಟೇ ತಾನೇ? ನಾಳೆಯಿಂದ ಇನ್ನೂ ಕಡಿಮೆ ಹಾಕ್ತೀನಿ ಬಿಡಿ" ಎಂದಳು. ಅಂದಿನಿಂದ ಇಂದಿನವರೆಗೆ ಪುಣ್ಯಾತ್ಮ ಕಹಿ ಟೀ ಕುಡಿಯುತ್ತಿದ್ದಾನೆ.

ಸೈಕಲ್ಲೂ ಅವನಿಗೆ ಬಂದದ್ದು ಹೀಗೆಯೇ. ಸೈಕಲ್ಲಿನಿಂದ ಬಿದ್ದ ಒಬ್ಬ ವಕೀಲರು ಪಕ್ಕೆಲುಬಿನ ಎಕ್ಸ್‌ರೇಗೆ ಬಂದಿದ್ದರು. ಫೋಟೋ ತೆಗೆದಾದ ಮೇಲೆ ಇವನು ಮರ್ಯಾದೆಗೆ, "ನಿಮ್ಮ ಸೈಕಲ್ ನಾನು..." ಎಂದ. ಹೊರಗಡೆ ನೋಡಿದೆ, ಬಹಳ ಚೆನ್ನಾಗಿದೆ ಎನ್ನುವುದು ಪಾಪ ಅವನ ಇರಾದೆ.

"ತಗೋತೀರಾ? ಭೇಷ್! ನಾನೂ ಹೊಸದು ನೋಡ್ತಾ ಇದ್ದೆ. ನಿಮ್ಮ ಎತ್ತರಕ್ಕೆ ಹೇಳಿ ಮಾಡಿಸಿದ ಹಾಗಿದೆ!" ಎಂದ ವಕೀಲರು, ಅಂಗಿಯ ಗುಂಡಿ ಹಾಕಿಕೊಳ್ಳುವುದರೊಳಗೆ ವ್ಯಾಪಾರ ಮುಗಿಸಿದರು. ಅಷ್ಟೇ ಅಲ್ಲ, "ಎರಡು ಚಕ್ರ, ಒಂದು ಪ್ರಾಣ" ಎಂಬ ತಮ್ಮ ಫೋನ್ ಗುಂಪಿಗೂ ಅವನನ್ನು ಸೇರಿಸಿದರು.

ಆ ಗುಂಪಿನ ಸಂಗತಿ ಏನು ಹೇಳಲಿ! ಬೆಳಗಾದರೆ ಸೈಕಲ್ಲಿನ ಫೋಟೋ, ಸಂಜೆಯಾದರೆ ಸೈಕಲ್ಲಿನ ಮಾತು. ಸಲಾಕೆಯಷ್ಟು ತೆಳ್ಳಗಿನ ಟೈರು ಒಳ್ಳೆಯದೋ ಬೆರಳಷ್ಟು ದಪ್ಪದ್ದು ಒಳ್ಳೆಯದೋ ಎಂಬುದರ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ಸೈಕಲ್ಲಿನ ತೂಕ ಇಳಿಸಲು ವಕೀಲರು ಗಂಟೆ ಬಿಚ್ಚಿಸಿದ್ದರು, ನೀರಿನ ಬಾಟಲಿ ಕೂರಿಸುವ ಸ್ಕ್ರೂ ಬದಲಿಸಿದ್ದರು, ಸೀಟಿನ ಮೆತ್ತೆ ಕೊರೆಸಿದ್ದರು. ಆಮೇಲೆ ಟೀ ಅಂಗಡಿಯಲ್ಲಿ ಕೂತು ಒಂದು ಡಬ್ಬ ಬಿಸ್ಕತ್ತು ಮುಗಿಸುತ್ತಿದ್ದರು. ಅದರ ತೂಕವನ್ನು ಯಾರೂ ಲೆಕ್ಕಕ್ಕೆ ಹಿಡಿಯಬಾರದು.

ಇನ್ನು ನಮ್ಮವನ ಸೈಕಲ್ಲು. ಬಾಗಿದ ಹ್ಯಾಂಡಲ್ಲು, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಪೆಡಲ್ಲಿನಲ್ಲಿ ಒಂದು ಕೊಕ್ಕೆ. ಅದಕ್ಕೆಂದೇ ಮಾಡಿದ ಶೂ ಹಾಕಿ ತುಳಿದರೆ ಟಕ್ಕೆಂದು ಸಿಕ್ಕಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಹಾಗೆಂದು ವಕೀಲರು ಹೇಳಿದ್ದರು. ಸಿಕ್ಕಿಕೊಳ್ಳುವುದೇನೋ ಸಿಕ್ಕಿಕೊಂಡಿತು. ಬಿಡಲಿಲ್ಲ. ಎಡಗಾಲೂ ಬಿಡಲಿಲ್ಲ, ಬಲಗಾಲೂ ಬಿಡಲಿಲ್ಲ. ಮೊದಲ ದಿನ ಬೀದಿ ಸುತ್ತಿ ಬಂದವನು ಗೇಟಿನ ಕಂಬವನ್ನು ತಬ್ಬಿಕೊಂಡು, ಒಂದು ಕೈಯಲ್ಲಿ ಶೂಗಳ ಪಟ್ಟಿ ಬಿಚ್ಚಿ, ಬರಿಗಾಲಲ್ಲಿ ಇಳಿದ. ಶೂ ಎರಡೂ ಪೆಡಲ್ಲಿನಲ್ಲೇ ಉಳಿದವು. ಅಂದಿನಿಂದ ಅವು ಅಲ್ಲೇ. ಹತ್ತುವಾಗಲೂ ಕಂಬ, ಇಳಿಯುವಾಗಲೂ ಕಂಬ.

"ಏನ್ರೀ ಇದು, ಸೈಕಲ್ಲು ಶೂ ಹಾಕ್ಕೊಂಡು ನಿಂತಿದೆ, ನೀವು ಬರಿಗಾಲಲ್ಲಿ ಬರ್ತಿದೀರಾ?" ಎಂದಳು ಹೆಂಡತಿ.

"ಅದು ಹಾಗಲ್ಲ ಕಣೇ, ಆ ಕೊಕ್ಕೆ..."

"ಕೊಳೆ ಆಗಿದ್ಯಾ? ಅಲ್ಲೇ ಇರ್ಲಿ ಬಿಡಿ, ಒಳಗೆ ತರಬೇಡಿ" ಎಂದು ಒಳಗೆ ಹೋದಳು.

ಗುಂಪಿನವರನ್ನು ಕೇಳಬಹುದಿತ್ತು. ಆದರೆ ಶೂ ಬಿಚ್ಚಲು ಬಾರದವನು ಎಂದು ಗೊತ್ತಾದರೆ ನಗೆಪಾಟಲು. ಸಿಗ್ನಲ್ಲಿನಲ್ಲಿ ದೀಪದ ಕಂಬ ಹಿಡಿದು, ಇಲ್ಲವೇ ನಿಂತ ಲಾರಿಯ ಬೆನ್ನಿಗೆ ಆತು, ಹೇಗೋ ಕಾಲ ತಳ್ಳಿದ. ಅಷ್ಟರಲ್ಲಿ ಭಾನುವಾರ ಬಂತು.

ಭಾನುವಾರ ಬೆಳಿಗ್ಗೆ ಎಲ್ಲರೂ ಊರಾಚೆ ಸವಾರಿ ಹೋಗಿ, ರಸ್ತೆ ಕವಲೊಡೆಯುವ ಕಡೆ ಬಯಲಿನ ನಡುವೆ ಒಂಟಿಯಾಗಿರುವ ಟೀ ಅಂಗಡಿಯಲ್ಲಿ ಸೇರುವುದು ರೂಢಿ. ಎಲ್ಲರೂ ಟಕ್ ಟಕ್ಕೆಂದು ಕಾಲು ಬಿಡಿಸಿಕೊಂಡು ಇಳಿದರು. ಇವನಿಗೆ ಕಂಬವಿಲ್ಲ. ಅಂಗಡಿಯ ಗೋಡೆಗಳಿಗೆಲ್ಲ ಸೈಕಲ್ಲುಗಳು ಒರಗಿವೆ. ಅವುಗಳಿಗೆ ಗೀರು ಬಿದ್ದರೆ ಅದು ಕೊಲೆ ಕೇಸಿಗಿಂತ ದೊಡ್ಡದು. ನೆಟ್ಟಗೆ ಮನೆಗೆ ಹೋಗಿಬಿಡೋಣವೆಂದರೆ, ಇಷ್ಟು ಜನರ ಜೊತೆ ಕೂತು ಮಾತಾಡುವ ಆಸೆ. ದಾರಿ ಕಾಣದೆ ಅಂಗಡಿಯ ಸುತ್ತ ಒಂದು ಸುತ್ತು ಹಾಕಿದ. ಆಮೇಲೆ ಇನ್ನೊಂದು. ಗಾಣದೆತ್ತಿನ ಹಾಗೆ ಮತ್ತೊಂದು.

"ಏನು ಎಕ್ಸ್‌ರೇ, ನಿಮ್ಮ ಪ್ರಕಾರ ಟೈರಿಗೆ ಗಾಳಿ ಎಷ್ಟಿರಬೇಕು?" ಎಂದು ವಕೀಲರು ಬೆಂಚಿನಿಂದಲೇ ಕೂಗಿದರು.

"ಗಾಳಿ ಎಷ್ಟಿರಬೇಕು ಅಂದ್ರೆ..." ಎನ್ನುತ್ತಾ ಅವನು ಅಂಗಡಿಯ ಹಿಂದೆ ಮರೆಯಾದ. ಬೆಂಚಿನ ಮೇಲಿದ್ದವರೆಲ್ಲ ಅವನು ಬರುವ ಮೂಲೆಯತ್ತ ಕತ್ತು ತಿರುಗಿಸಿದರು. ಬಂದ. "...ಅದು ಅವರವರ..." ಮತ್ತೆ ಹೋದ. ಗುಂಪಿನಲ್ಲಿದ್ದ ಹಲ್ಲಿನ ಡಾಕ್ಟರಮ್ಮ ಟೀ ಲೋಟವನ್ನು ತುಟಿಯ ಹತ್ತಿರವೇ ಹಿಡಿದು ಕಾದರು. ಬಂದ. "...ತೂಕದ ಮೇಲೆ ಹೋಗುತ್ತೆ."

"ಆಹಾ!" ಎಂದಿತು ಬೆಂಚು.

ಇದರಲ್ಲಿ ಏನು ಮಹಾ ಇದೆ ಎಂದು ನೀವು ಕೇಳಬಹುದು. ಏನೂ ಇಲ್ಲ. ಪಂಕ್ಚರ್ ಅಂಗಡಿಯ ಮುಂದೆ ಕೂತ ಯಾರು ಬೇಕಾದರೂ ಹೇಳುವ ಮಾತು. ಆದರೆ ಎರಡು ಸುತ್ತು ಕಾದು ಪಡೆದ ಮಾತಿಗೆ ರುಚಿಯೇ ಬೇರೆ. ಅವನಿಗೋ ಮೈ ಜುಮ್ಮೆಂದಿತು. ಪದ ಹುಡುಕಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು. ಅಂಗಡಿಯ ಹಿಂದೆ ಹೋಗಿ ಸಮಾಧಾನದಿಂದ ಹುಡುಕಿ, ಮುಂದೆ ಬಂದು ಹೇಳುತ್ತಿದ್ದ. ಯಾರೂ ನಡುವೆ ನುಗ್ಗಲಿಲ್ಲ. ಮದುವೆಯಾದ ಮೇಲೆ ಅವನು ಕೊನೆ ಮುಟ್ಟಿಸಿದ ಮೊದಲ ವಾಕ್ಯ ಅದೇ ಇರಬೇಕು.

"ಅಲ್ಲಾ, ಇಳಿಯದೆ ಸುತ್ತುತ್ತಾ ಇದೀರಲ್ಲ, ಇದು ಮಂಡಿಗೆ ಒಳ್ಳೇದಾ?" ಎಂದು ಡಾಕ್ಟರಮ್ಮ ಕೇಳಿದರು.

ಅವನು ನಾಚಿಕೆಯಿಂದ "ಹೂಂ" ಎಂದುಬಿಟ್ಟ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. "ದಿನಾ ಮಂಡಿ ಮೂಳೆ ನೋಡೋ ಮನುಷ್ಯ, ಸುಮ್ನೆ ಹೇಳ್ತಾರಾ?" ಎಂದರು ವಕೀಲರು. ಮುಂದಿನ ಭಾನುವಾರ ಎಲ್ಲರೂ ಇಳಿಯುವ ಮೊದಲು ಅಂಗಡಿ ಸುತ್ತಿದರು. ಸುತ್ತಿ, ಇಳಿದು, ಮಂಡಿ ಮುಟ್ಟಿ ನೋಡಿಕೊಂಡು, "ಹೌದು ಕಣ್ರೀ, ಹಗುರ ಅನ್ಸುತ್ತೆ!" ಎಂದರು. ಇವನೊಬ್ಬ ಇಳಿಯಲಿಲ್ಲ. ಗುರುಗಳದ್ದು ದೊಡ್ಡ ಸಾಧನೆ ಎಂದುಕೊಂಡರು. ಬಲಕ್ಕೆ ಸುತ್ತಬೇಕೋ ಎಡಕ್ಕೋ ಎಂದು ಫೋನ್ ಗುಂಪಿನಲ್ಲಿ ಎರಡು ಪಕ್ಷಗಳಾಗಿ ಕಿತ್ತಾಡಿ, ಕೊನೆಗೆ ಅವನನ್ನೇ ಕೇಳಿದರು. "ಎರಡೂ ಒಂದೇ" ಎಂದು ಬರೆದ. ಅದಕ್ಕೆ ಬಿದ್ದ ಕೈಮುಗಿದ ಚಿತ್ರಗಳಿಗೆ ಲೆಕ್ಕವಿಲ್ಲ. ಡಾಕ್ಟರಮ್ಮ ತಮ್ಮ ಮಾವನವರಿಗೂ ವಾಕಿಂಗ್ ಮುಗಿಸಿ ಬಂದ ಮೇಲೆ ಊಟದ ಮೇಜು ಸುತ್ತಿಸಲು ಶುರುಮಾಡಿದರು.

ಟೀ ಅಂಗಡಿಯ ಅಕ್ಕ ಮಾತ್ರ, "ಇವರಿಗೆಲ್ಲ ತಲೆಗಿಲೆ ಕೆಟ್ಟಿದ್ಯಾ? ಧೂಳೆಲ್ಲ ನನ್ನ ಹಾಲಿಗೆ ಬೀಳ್ತಿದೆ" ಎಂದು ಪಾತ್ರೆ ಮುಚ್ಚುತ್ತಿದ್ದಳು.

ಹುಲಿ ಹತ್ತಿದವನಿಗೆ ಇಳಿಯಲು ಭಯ. ವಾರವೆಲ್ಲ ಅವನಿಗೆ ಒಂದೇ ಚಿಂತೆ: ಗುಟ್ಟು ರಟ್ಟಾದರೆ ನಗುತ್ತಾರೆ, ನಗಲಿ, ಆದರೆ ಆಮೇಲೆ ಯಾರು ತನ್ನ ಮಾತಿಗೆ ಕಾಯುತ್ತಾರೆ? ಭಾನುವಾರ ಬೆಳಿಗ್ಗೆಯ ಆ ಹತ್ತಿಪ್ಪತ್ತು ಸುತ್ತುಗಳಿಗಾಗಿಯೇ ಅವನು ಉಳಿದ ಆರು ದಿನ ಬದುಕುತ್ತಿದ್ದ. ಕಾಲು ಸೋತು ಹೋಗುತ್ತಿತ್ತು, ಟೀ ವಾಸನೆ ಮೂಗಿಗೆ ಬಡಿಯುತ್ತಿತ್ತು, ಒಂದು ಗುಟುಕು ಕುಡಿಯುವ ಯೋಗವಿಲ್ಲ. ಹ್ಯಾಂಡಲ್ಲಿನಿಂದ ಕೈ ತೆಗೆದರೆ ಮುಗ್ಗರಿಸುವ ಸವಾರ ಅವನು. ಆದರೂ ಸುಖವಾಗಿದ್ದ.

ಹೀಗಿರುವಾಗ ಒಂದು ಭಾನುವಾರ, ಅವನು ಸುತ್ತುತ್ತಿದ್ದಾಗಲೇ ಆಟೋ ಒಂದು ಬಂದು ನಿಂತಿತು. ಇಳಿದವಳು ಹೆಂಡತಿ. ಮುಖ ಕೆಂಡ.

"ರೀ! ನನ್ನ ಸ್ಕೂಟರ್ ಕೀ ಜೇಬಲ್ಲಿ ಹಾಕ್ಕೊಂಡು ಬಂದಿದೀರಾ! ಅಕ್ಕನ ಮನೇಲಿ ಎಲ್ಲ ಕಾಯ್ತಿದಾರೆ. ಕೊಡ್ರೀ ಇಲ್ಲಿ!"

ಕೀ ಅವನ ಸೈಕಲ್ ಅಂಗಿಯ ಬೆನ್ನಿನ ಜೇಬಿನಲ್ಲಿತ್ತು. ಮನೆಯಲ್ಲಿ ಮೇಜಿನ ಮೇಲಿದ್ದದ್ದನ್ನೆಲ್ಲ ಬಾಚಿಕೊಂಡು ಬಂದಿದ್ದ. "ಇದೆ ಕಣೇ, ಆದ್ರೆ..." ಎಂದು ಅಂಗಡಿಯ ಹಿಂದೆ ಹೋದ.

"ಆದ್ರೆ ಏನು? ಎಲ್ಲಿಗೆ ಹೋಗ್ತಿದೀರಾ? ನಾನಿಲ್ಲಿ ಮಾತಾಡ್ತಾ ಇದೀನಿ!"

ಅವನು ಸುತ್ತಿ ಬಂದ. ಆಕೆ ಕೈ ಚಾಚಿದಳು. "...ಕೈ ಬಿಡೋಕೆ..." ಎನ್ನುತ್ತಾ ಕೈಯ ಪಕ್ಕದಲ್ಲೇ ಹಾದು ಹೋದ. ಆಕೆ ನಾಲ್ಕು ಹೆಜ್ಜೆ ಓಡಿ ಸುಸ್ತಾಗಿ ನಿಂತಳು. ಬೆಂಚಿನ ಕಡೆ ತಿರುಗಿ, "ಇವರಿಗೇನಾಗಿದೆ? ನಿಲ್ಸೋಕೆ ಹೇಳ್ರೀ ಯಾರಾದ್ರೂ!" ಎಂದಳು.

"ಮೇಡಂ, ಗುರುಗಳು ನಡುವೆ ನಿಲ್ಲಿಸೋ ಹಾಗಿಲ್ಲ, ಮಂಡಿಗೆ..." ಎಂದು ವಕೀಲರು ವಿವರಿಸಲು ಹೊರಟರು.

"ಯಾವ ಗುರುಗಳು? ಯಾರ ಮಂಡಿ?"

ಅಂಗಡಿಯ ಹಿಂದೆ ಅವನಿಗೆ ಇದೆಲ್ಲ ಕೇಳಿಸುತ್ತಿತ್ತು. ಹೆಂಡತಿಯ ದನಿ ಕೋಪದಿಂದ ಅಳುವಿಗೆ ಜಾರುವ ಹಂತದಲ್ಲಿದೆ ಎಂಬುದು ಗಂಡನಾದವನಿಗೆ ತಿಳಿಯುವುದಿಲ್ಲವೇ? ಗಂಡ ಎಲ್ಲರೆದುರು ತನ್ನನ್ನು ಆಟ ಆಡಿಸುತ್ತಿದ್ದಾನೆ ಎಂದುಕೊಂಡಿದ್ದಾಳೆ. ಹಾಳಾಗಿ ಹೋಗಲಿ ಗುರುಗಿರಿ, ಎಂದುಕೊಂಡ. ಮೂಲೆ ತಿರುಗಿ ಬಂದು, "ನನಗೆ..." ಎಂದ.

ಆಕೆ ಬಾಯಿ ತೆರೆದಳು. ಅಷ್ಟರಲ್ಲಿ ಅವನಿಲ್ಲ. ಯಾರ ವಾಕ್ಯ ಮುಗಿಸುವುದು, ಗಾಳಿಯದೇ? ಬಾಯಿ ಮುಚ್ಚಿ, ಅವನು ಬರುವ ಮೂಲೆಯನ್ನು ನೋಡುತ್ತಾ ನಿಂತಳು.

"...ಈ ಶೂ..."

ಬೆಂಚಿನವರೆಲ್ಲ ಮುಂದಕ್ಕೆ ಬಾಗಿದರು. ಅಂಗಡಿಯ ಅಕ್ಕನೂ ಸೌಟು ಹಿಡಿದು ಹೊರಗೆ ಬಂದಳು.

"...ಬಿಚ್ಚೋಕೇ ಬರಲ್ಲ! ಮೊದಲ ದಿನದಿಂದ ಬರಲ್ಲ! ನಿಲ್ಲಿಸಿದ್ರೆ ಬೀಳ್ತೀನಿ! ಯಾರಾದ್ರೂ ಹಿಡ್ಕೊಳ್ರೀ!"

ಡಾಕ್ಟರಮ್ಮನ ಮೂಗಿನಿಂದ ಟೀ ಚಿಮ್ಮಿತು. ಬೆಂಚಿಗೆ ಬೆಂಚೇ ಹೊಟ್ಟೆ ಹಿಡಿದುಕೊಂಡು ಬಿತ್ತು. "ಅಯ್ಯೋ, ನಮ್ಮ ಮಾವನವರು!" ಎಂದು ಡಾಕ್ಟರಮ್ಮ ತಲೆ ಚಚ್ಚಿಕೊಂಡರು. "ಹಾಗಾದ್ರೆ ಮಂಡಿ?" ಎಂದು ವಕೀಲರು ಅಳುಮೋರೆ ಮಾಡಿದರು. ನಾಲ್ಕು ಜನ ಓಡಿ ಬಂದು ಸೈಕಲ್ಲನ್ನೂ ಅವನನ್ನೂ ಒಟ್ಟಿಗೆ ತಬ್ಬಿ ಹಿಡಿದರು. ಪಟ್ಟಿ ಬಿಚ್ಚಿ, ಕಾಲು ಎಳೆದು, ಇಳಿಸಿ, ಬೆಂಚಿನ ಮೇಲೆ ಕೂರಿಸಿದರು. ಡಾಕ್ಟರಮ್ಮ ಪೆಡಲ್ಲಿನ ಹತ್ತಿರ ಬಗ್ಗಿ, ಚಿಕ್ಕ ಪಾನಾದಿಂದ ಒಂದು ಸ್ಕ್ರೂವನ್ನು ಸ್ವಲ್ಪ ತಿರುಗಿಸಿದರು. ಶೂ ಹಣ್ಣೆಲೆಯ ಹಾಗೆ ಕಳಚಿ ಬಿತ್ತು. ವಕೀಲರು ಕೊಕ್ಕೆಯ ಸ್ಪ್ರಿಂಗನ್ನು ಕೊನೆಯವರೆಗೂ ಬಿಗಿದಿಟ್ಟಿದ್ದರಂತೆ, ಅಷ್ಟೇ.

ಅಂಗಡಿಯ ಅಕ್ಕ ಅವನ ಕೈಗೆ ಟೀ ಕೊಟ್ಟಳು. ಆ ಬೆಂಚಿನ ಮೇಲೆ ಅವನು ಕೂತದ್ದು ಅದೇ ಮೊದಲು. ಒಂದು ಗುಟುಕು ಕುಡಿದು, "ನಾನು ಏನ್ ಹೇಳೋಕೆ ಹೊರಟೆ ಅಂದ್ರೆ..." ಎಂದು ಪದಕ್ಕಾಗಿ ನಿಂತ.

"ಸ್ಪ್ರಿಂಗ್ ಬಿಗಿ ಇರ್ಲೇಬೇಕು ಸ್ವಾಮಿ! ಇಲ್ದಿದ್ರೆ ಏರಿನಲ್ಲಿ ಕಾಲು ಜಾರುತ್ತೆ!" ಎಂದು ವಕೀಲರು ನುಗ್ಗಿದರು. ಇನ್ನೊಬ್ಬರು ಬಿಗಿ ಬೇಡವೆಂದರು. ಮೂರನೆಯವರು ಫೋನ್ ತೆಗೆದು ತಮ್ಮ ಪೆಡಲ್ಲಿನ ಫೋಟೋ ತೋರಿಸಿದರು. ಬೆಂಚೆಲ್ಲ ಒಟ್ಟಿಗೆ ಮಾತಾಡತೊಡಗಿತು. ಅವನು ಲೋಟದೊಳಗೆ ಕಣ್ಣು ನೆಟ್ಟ. ತಾನು ಹೆದರಿದ್ದು ಇದಕ್ಕೇ. ನಿಂತ ಬಸ್ಸಿಗೆ ಎಲ್ಲರೂ ನುಗ್ಗಿದ್ದರು.

"ಸ್ವಲ್ಪ ಸುಮ್ನಿರ್ತೀರಾ ಎಲ್ಲರೂ!"

ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿ. ವಕೀಲರ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಅವರ ಮಾತು ಇನ್ನೂ ಮುಗಿದಿಲ್ಲ" ಎಂದಳು.

ಎಲ್ಲರೂ ಅವನತ್ತ ತಿರುಗಿದರು. ಅವನಿಗೆ ಪದ ಸಿಗಲು ಬಹಳ ಹೊತ್ತು ಹಿಡಿಯಿತು, ಸುಮಾರು ಎರಡು ಸುತ್ತಿನಷ್ಟು. ಆಕೆಯ ತುಟಿ ಎರಡು ಸಲ ಅಲುಗಿತು, ಎರಡು ಸಲವೂ ಹಲ್ಲು ಕಚ್ಚಿ ತಡೆದುಕೊಂಡಳು.

"ನನಗೆ ಸೈಕಲ್ ಅಂದ್ರೆ ಅಷ್ಟೇನೂ ಇಷ್ಟ ಇಲ್ಲ. ನಾನು ತಿರುಗಿ ಬರೋ ತನಕ ನೀವೆಲ್ಲ ಕಾಯ್ತಿದ್ರಲ್ಲ... ಅದು ಇಷ್ಟ."

ವಕೀಲರು ಬಾಯಿ ಮುಚ್ಚಿದರು.

"ಅಯ್ಯೋ, ಇದನ್ನ ಮನೇಲಿ ಒಂದು ಮಾತು..." ಎಂದು ಶುರುಮಾಡಿದ ಹೆಂಡತಿ, ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದಳು. ಕಣ್ಣು ತುಂಬಿತ್ತು. ಆಟೋದವನು ಹಾರ್ನ್ ಹೊಡೆದ. ಆಕೆ ತಿರುಗಿಯೂ ನೋಡಲಿಲ್ಲ.

"ಇನ್ನೂ ಏನಾದ್ರೂ ಹೇಳೋದು ಇದೆಯೇನ್ರೀ?" ಎಂದು ಮೆಲ್ಲಗೆ ಕೇಳಿದಳು.

"ಇದೆ" ಎಂದ ಅವನು. ಬೆಂಚಿನಲ್ಲಿ ಸರಿದು ಆಕೆಗೆ ಜಾಗ ಮಾಡಿದ. "ಸುಮಾರಿದೆ."