ಮೊದಲ ಹೆಜ್ಜೆಗೆ ಹಸಿರು ಹಾಸುವ ಜೆಮೈಮಜ್ಜಿ

ಸೂರ್ಯ ಇನ್ನೂ ಕಾಡಿನ ಹಿಂದೆಯೇ ಇದ್ದಾನೆ. ಜೆಮೈಮಾ ಚಿಸ್ಕಮಿಶ್ ಮಾತ್ರ ಆಗಲೇ ಮಂಡಿಯೂರಿ ಸ್ಪ್ರೂಸ್ ಮರದ ಟೊಂಗೆಗಳನ್ನು ಹಾಸುತ್ತಿದ್ದಾರೆ. ಒಂದರ ಬುಡ ಇನ್ನೊಂದರ ಸೊಪ್ಪಿನಡಿ ಅಡಗಬೇಕು, ಪುಟ್ಟ ಪಾದಕ್ಕೆ ಕಡ್ಡಿ ಚುಚ್ಚಬಾರದು. ಡೇರೆಯ ಬಾಗಿಲಿನಿಂದ ಎದುರಿನ ಎಳೆಯ ಮರದವರೆಗೆ ಹಸಿರು ದಾರಿ ಉದ್ದವಾಗುತ್ತಿದೆ. ಸೊಳ್ಳೆಗಳು ಕಿವಿಯ ಬಳಿ ಸಂಗೀತ ಕಛೇರಿಯನ್ನೇ ನಡೆಸಿವೆ, ಅಜ್ಜಿಗೆ ಅದರ ಪರಿವೆಯಿಲ್ಲ.

ಇವತ್ತು ಹೆಜ್ಜೆಯ ಹಬ್ಬ. ಉತ್ತರದ ಚಳಿನಾಡಿನ ಜೇಮ್ಸ್ ಕೊಲ್ಲಿಯ ಮೂಲನಿವಾಸಿಗಳಾದ ಕ್ರೀ ಜನರ ಕೂಸು ಈ ದಿನದವರೆಗೆ ಹೊರಗಿನ ನೆಲ ತುಳಿಯುವಂತಿಲ್ಲ. ಮನೆಯೊಳಗೆ ಎಷ್ಟಾದರೂ ಕುಣಿಯಲಿ, ಹೊಸಲು ದಾಟಿದರೆ ಯಾರದೋ ಸೊಂಟ, ಯಾರದೋ ಬೆನ್ನು. ನಡೆಯಲು ಕಲಿತ ಮೇಲೆ ಒಂದು ಮುಂಜಾನೆ ಹಿರಿಯರ ಕೈ ಹಿಡಿದು ಡೇರೆಯಿಂದ ಹೊರಬಂದು, ಮರ ಸುತ್ತಿ, ಹಿಡಿಯಷ್ಟು ಸೌದೆ ಹೊತ್ತು ಮರಳಬೇಕು. ಅಲ್ಲಿಂದಾಚೆ ನೆಲ ಅದರದ್ದು.

ಈ ಸಲ ನಾಲ್ಕು ಮಕ್ಕಳು. ಮೂವರು ಬರುವುದು ಖಚಿತ. ನಾಲ್ಕನೆಯವಳು ಎರಡು ವರ್ಷದ ಐರಿಸ್. ಅವಳು ಬರುತ್ತಾಳೋ ಇಲ್ಲವೋ ಜೆಮೈಮಾಗೆ ಗೊತ್ತಿಲ್ಲ. ಅವಳ ತಾತ ಸಿಂಕ್ಲೇರ್ ನಿನ್ನೆ ಸಂಜೆಯವರೆಗೂ ಒಪ್ಪಿರಲಿಲ್ಲ.

ಜೆಮೈಮಾಗೆ ಅರವತ್ತು ದಾಟಿದೆ. ಆರು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಹೋಗಿ ಬರುವುದು ಅವರ ಕೆಲಸ. ಸಂಬಳ ಅರ್ಧ ದಿನದ್ದು, ಕೆಲಸ ಪೂರ್ತಿ ದಿನದ್ದು. ಹುಟ್ಟಿದಾಗಲೇ ತೊಡೆಯ ಕೀಲು ಜಾರಿದ್ದರಿಂದ ಒಂದು ಕಡೆಗೆ ವಾಲಿ ನಡೆಯುತ್ತಾರೆ. ಆ ಕಾಲದಲ್ಲಿ ಅದನ್ನು ನೋಡಿ ಹೇಳುವವರೇ ಇರಲಿಲ್ಲ. "ಕಾಲಿಗೆ ಚಕ್ರ ಕಟ್ಟಿಕೊಂಡವಳು, ಒಂದು ಚಕ್ರ ಮಾತ್ರ ಸಣ್ಣದು" ಎಂದು ಊರು ತಮಾಷೆ ಮಾಡುತ್ತದೆ. ಅವರೂ ನಗುತ್ತಾರೆ.

"ಹೋದ ಕೂಡ್ಲೇ ಪ್ರಶ್ನೆ ಕೇಳಬಾರದು. ಟೀ ಕುಡೀಬೇಕು, ನೆಲದ ಮೇಲೆ ಕೂತ್ಕೋಬೇಕು. ಮಗು ನನ್ನ ದಾಟ್ಕೊಂಡು ಎರಡು ಸಲ ಓಡಾಡೋ ಹೊತ್ತಿಗೆ ಅರ್ಧ ಸುದ್ದಿ ಅದೇ ಹೇಳಿರುತ್ತೆ" ಎನ್ನುತ್ತಾರೆ. ಕಿವಿ ಸೋರುತ್ತಿದೆಯೇ, ಕರೆದರೆ ತಿರುಗುತ್ತದೆಯೇ, ಅಮ್ಮನಿಗೆ ನಿದ್ದೆಯಾಗಿದೆಯೇ, ಎಲ್ಲವೂ ಅವರಿಗೆ ಬೇಕು. ಕೂಸನ್ನು ಸುತ್ತಿಡುವ ಲಾಡಿಚೀಲ ಹೊಲಿದುಕೊಡುವುದೂ ಅವರೇ. ಹಿಂದೆ ಅದರೊಳಗೆ ಒಣಗಿಸಿದ ಪಾಚಿ ತುಂಬುತ್ತಿದ್ದರು, ತೊಡೆಗಳು ತಾವಾಗಿ ಅಗಲವಾಗಿರುತ್ತಿದ್ದವು. ಈಗಿನ ತೆಳು ಡಯಾಪರಿನ ಮೇಲೆ ಬಿಗಿದು ಕಟ್ಟಿದರೆ ಕಾಲು ನೆಟ್ಟಗೆ ಸೆಟೆದುಕೊಂಡು ಕೀಲು ಜಾರಬಹುದು. "ಹೆಣ ಕಟ್ಟೋ ಹಾಗೆ ಕಟ್ಟಬೇಡ್ರೇ, ಕಪ್ಪೆ ಕಾಲು ಹಾಕೋಕೆ ಜಾಗ ಬಿಡ್ರಿ" ಎಂದು ಹೊಸ ತಾಯಂದಿರನ್ನು ಗದರುತ್ತಾರೆ.

ಐರಿಸಳ ವಿಷಯ ಗೊತ್ತಾಗಿದ್ದು ಕಳೆದ ಚಳಿಗಾಲದ ಮೊದಲಲ್ಲಿ. ಅವಳ ತಾಯಿ ಷಾರ್ಲೀನ್ ಬ್ಯಾನಕ್ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದಳು, ನೆಲದ ಮೇಲೆಲ್ಲ ಹಿಟ್ಟು ಚೆಲ್ಲಿತ್ತು. ಮಗು ಬೆಂಚು ಹಿಡಿದು ಆ ಕಡೆಯಿಂದ ಈ ಕಡೆಗೆ ಹೋಯಿತು. ಒಂದು ಪಾದ ಪೂರ್ತಿ ಮೂಡಿತ್ತು, ಇನ್ನೊಂದರದು ಬರೀ ಬೆರಳು. ಕಾಲುಚೀಲ ಸಿಕ್ಕಿಕೊಂಡಿರಬೇಕು ಎಂದುಕೊಂಡು ಜೆಮೈಮಾ ಅದನ್ನು ಬಿಚ್ಚಿದರು. ಮತ್ತೆ ಬರೀ ಬೆರಳೇ. ಏನಿದು ಎಂದು ಅವರಿಗೆ ಹೊಳೆಯಲಿಲ್ಲ, ಹಾಗೆಂದು ಬಿಟ್ಟುಬಿಡಲೂ ಮನಸ್ಸಾಗಲಿಲ್ಲ. ತಿಂಗಳಿಗೊಮ್ಮೆ ವಿಮಾನದಲ್ಲಿ ಬಂದು ಮಕ್ಕಳಿಗೆ ಕೈಕಾಲಿನ ವ್ಯಾಯಾಮ ಕಲಿಸುವ ಸೊಲಾಂಜ್‌ಗೆ ತೋರಿಸಿದರು. ಸೊಲಾಂಜ್ ಮಗುವನ್ನು ಮಲಗಿಸಿ, ಮೊಣಕಾಲು ಮಡಿಸಿ, ತೊಡೆ ಅಗಲಿಸಿ ನೋಡಿದಳು. ಒಂದು ಅಗಲವಾಯಿತು, ಇನ್ನೊಂದು ಅರ್ಧಕ್ಕೇ ನಿಂತಿತು. ಕೀಲು ಜಾರಿತ್ತು.

ಸಿಂಕ್ಲೇರ್ ಊರಿಗೇ ದೊಡ್ಡ ಬೇಟೆಗಾರ. ಹಿಮದ ಮೇಲಿನ ಗುರುತು ನೋಡಿ ಮೂಸ್ ಎಂಬ ದೊಡ್ಡ ಕಡವೆ ಯಾವ ಕಾಲು ಎಳೆಯುತ್ತಿದೆ ಎಂದು ಹೇಳಬಲ್ಲವನು. ಮನೆಯಲ್ಲೇ ಇದ್ದ ಮೊಮ್ಮಗಳದು ಹೇಗೆ ಕಾಣಲಿಲ್ಲ? ಕಾಣಲು ಗುರುತು ಎಲ್ಲಿತ್ತು, ಪಾಪ! ಮಗು ಸದಾ ಅವನ ಬೆನ್ನ ಮೇಲೇ ಇತ್ತು. ಎಲ್ಲರೂ ಮುದ್ದಿನಿಂದ ಹೊತ್ತೇ ಹೊತ್ತರು, ನಡೆಯುವುದು ತಡವಾದರೆ ಮುದ್ದು ಹೆಚ್ಚಾಯಿತು ಎಂದುಕೊಂಡರು.

ದಕ್ಷಿಣದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಎದೆಯಿಂದ ಕಾಲಿನವರೆಗೆ ಹಾಕಿದ್ದ ಪ್ಲಾಸ್ಟರ್ ತೆಗೆದದ್ದು ಈಸ್ಟರ್ ಹೊತ್ತಿಗೆ. ಈಗ ಐರಿಸ್ ನಡೆಯುತ್ತಾಳೆ, ಕುಂಟುತ್ತಾ. ಕಾಲು ಬಲಿಯಬೇಕಾದರೆ ಈ ಬೇಸಿಗೆಯಲ್ಲೇ ಏರು, ತಗ್ಗು, ಕಲ್ಲು ತುಳಿಯಬೇಕು ಎಂದು ಸೊಲಾಂಜ್ ಹೇಳಿಹೋಗಿದ್ದಾಳೆ. ಹಬ್ಬ ಮಾಡದೆ ಸುಮ್ಮನೆ ಅಂಗಳಕ್ಕೆ ಬಿಡಬಾರದೇ ಎಂದು ಕೇಳಿದ್ದಳಂತೆ. ಜೆಮೈಮಾ ತಲೆಯಾಡಿಸಿದರು. "ಅದು ಆಗೋ ಮಾತಲ್ಲ. ಬಿಡೋದಾದ್ರೆ ಬಾಗಿಲಿಂದ ಬಿಡೋಣ, ಕಿಟಕಿಯಿಂದ ಅಲ್ಲ."

ನಿನ್ನೆ ಸಂಜೆ ಸಿಂಕ್ಲೇರ್ ಮನೆಯಲ್ಲಿ ಇದೇ ಜಗಳ. ತೀರಿಹೋದ ಗಂಡನ ಅಣ್ಣ ಅವನು, ಜೆಮೈಮಾಗೆ ಭಾವ.

"ಮುಂದಿನ ವರ್ಷ ನೋಡೋಣ. ಊರೆಲ್ಲಾ ಸೇರಿರುತ್ತೆ. ಕುಂಟ್ತಾ ಹೊರಗೆ ಬಂದ್ರೆ ಮಗೂಗೆ ಅದೇ ಹೆಸರು ನಿಂತುಬಿಡುತ್ತೆ" ಎಂದ ಸಿಂಕ್ಲೇರ್.

"ಇನ್ನೊಂದು ವರ್ಷ ಬೆನ್ನ ಮೇಲಿಟ್ಕೊಂಡ್ರೆ ಅಷ್ಟು ಪಾಡುಪಟ್ಟಿದ್ದೆಲ್ಲಾ ಮಣ್ಣುಪಾಲು, ಭಾವ."

"ಹಾಗಾದ್ರೆ ನಾನೇ ಎತ್ಕೊಂಡು ಮರ ಸುತ್ತುತೀನಿ. ಶಾಸ್ತ್ರ ಆಯ್ತು ತಾನೇ?"

"ನನಗೂ ಹಾಗೇ ಮಾಡಿದ್ರು" ಎಂದರು ಜೆಮೈಮಾ. "ಅಪ್ಪ ಎತ್ಕೊಂಡು ಸುತ್ತಿದ್ರು, ಅಯ್ಯೋ ಪಾಪ ಅಂತ. ಆಮೇಲೆ ಊರೂ ಅಯ್ಯೋ ಪಾಪ ಅಂತಾನೇ ಇಟ್ಕೊಂಡಿತು. ನೀರು ತಾ ಅಂತ ಕಳಿಸ್ಲಿಲ್ಲ, ಬಲೆ ಹಾಕೋಕೆ ಕರೀಲಿಲ್ಲ. ಮದುವೆ ಆದ್ಮೇಲೆ ನಿನ್ನ ತಮ್ಮ ಬೈದು ದೋಣಿ ಹತ್ತಿಸಿದ್ದು."

"ಅವಳು ನಿನ್ನ ಹಾಗಾಗಬಾರದು ಅಂತಾನೇ ನಾನು ಹೇಳ್ತಿರೋದು."

"ನಾನೂ ಅದನ್ನೇ ಹೇಳ್ತಿರೋದು."

ತಟ್ಟೆ ಒರೆಸುತ್ತಿದ್ದ ಷಾರ್ಲೀನ್ ಮೆಲ್ಲಗೆ, "ಅಪ್ಪಾ, ದಿನಾ ಕಿಟಕಿ ಹತ್ರಾನೇ ನಿಂತಿರ್ತಾಳೆ. ಊಟಕ್ಕೆ ಕರೆದ್ರೂ ಬರಲ್ಲ" ಎಂದಳು. ಸಿಂಕ್ಲೇರ್ ಟೋಪಿ ಹಾಕಿಕೊಂಡು ಹೊರಗೆ ನಡೆದ. ಒಪ್ಪಿದನೋ ಮುನಿದನೋ ತಿಳಿಯಲಿಲ್ಲ.

ಬೆಳಕು ಹರಿಯುತ್ತದೆ. ಡೇರೆಯೊಳಗೆ ಹೆಬ್ಬಾತುಗಳು ಬೆಂಕಿಯ ಬಳಿ ಹಗ್ಗದ ಹುರಿಯಲ್ಲಿ ನೇತಾಡುತ್ತಾ ಬೇಯುತ್ತಿವೆ, ಜನ ತುಂಬಿದ್ದಾರೆ. ಒಬ್ಬೊಬ್ಬರಾಗಿ ಮೂರು ಮಕ್ಕಳು ಹೊರಬಂದು ಮರ ಸುತ್ತಿ ಒಳಗೆ ಹೋಗುತ್ತಾರೆ. ಒಂದು ಅಳುತ್ತದೆ, ಒಂದು ದಾರಿಯ ಟೊಂಗೆಯನ್ನೇ ಕಿತ್ತು ಬಾಯಿಗಿಡುತ್ತದೆ. ಜೆಮೈಮಾ ಮಂಡಿಯೂರಿ ಮತ್ತೆ ಟೊಂಗೆ ಸರಿಮಾಡುತ್ತಾರೆ. ಕಣ್ಣು ಮಾತ್ರ ಊರಿನ ರಸ್ತೆಯ ಮೇಲಿದೆ.

ಬಂದ. ಬೆನ್ನ ಮೇಲೆ ಐರಿಸ್, ಹಿಂದೆ ಷಾರ್ಲೀನ್. ಯಾರನ್ನೂ ನೋಡದೆ ಡೇರೆಗೆ ನುಗ್ಗುತ್ತಾನೆ. ಎತ್ತಿಕೊಂಡೇ ಹೊರಬರುತ್ತಾನೇನೋ ಎಂದು ಜೆಮೈಮಾ ಟೊಂಗೆ ಹಿಡಿದೇ ಬಾಗಿಲ ಕಡೆಗೆ ತಿರುಗುತ್ತಾರೆ. ಬಾಗಿಲ ಪರದೆ ಸರಿಯುತ್ತದೆ. ಮೊದಲು ಕಾಣುವುದು ಕಸೂತಿ ಹಾಕಿದ ಪುಟ್ಟ ಚರ್ಮದ ಪಾದರಕ್ಷೆ.

ತಾತನ ಬೆರಳು ಹಿಡಿದು, ಇನ್ನೊಂದು ಕೈಯಲ್ಲಿ ಮರದ ಆಟಿಕೆ ಕೊಡಲಿ ಹಿಡಿದು ಐರಿಸ್ ವಾಲಿ ವಾಲಿ ಬರುತ್ತಾಳೆ. ಮರದ ಹತ್ತಿರ ಕಾಲು ಟೊಂಗೆಗೆ ತೊಡರಿ ಧೊಪ್ಪೆಂದು ಬೀಳುತ್ತಾಳೆ. ಸಿಂಕ್ಲೇರ್ ಎತ್ತಲು ಬಾಗುತ್ತಾನೆ.

"ಭಾವ, ಕೈ ಕಟ್ಕೋ."

ಅವನ ಕೈ ಅರ್ಧಕ್ಕೇ ನಿಲ್ಲುತ್ತದೆ. ಮಗು ಮೊದಲು ಎರಡೂ ಕೈ ಊರಿ, ಕುಂಡೆ ಮೇಲೆತ್ತಿ, ಗುರ್ ಎನ್ನುತ್ತಾ ಎದ್ದು ನಿಲ್ಲುತ್ತದೆ. ಮರ ಸುತ್ತುತ್ತದೆ. ಹಿಂದಿರುಗಿ ಡೇರೆಗೆ ಬರಬೇಕಲ್ಲ, ಬರುವುದಿಲ್ಲ. ಹಸಿರು ದಾರಿ ಬಿಟ್ಟು ಪಕ್ಕದ ಕೆಸರಿಗಿಳಿದು ನದಿಯ ಕಡೆಗೆ ಹೊರಡುತ್ತದೆ.

ಹತ್ತಿರವಿದ್ದವರು ಜೆಮೈಮಾ. ಸೆರಗಿನಂತೆ ಇಳಿಬಿದ್ದ ಶಾಲು ಎತ್ತಿ ಹಿಡಿದು ಹಿಂದೆಯೇ ಓಡುತ್ತಾರೆ. ಅಜ್ಜಿ ಒಂದು ಕಡೆಗೆ ವಾಲಿದರೆ ಮಗು ಇನ್ನೊಂದು ಕಡೆಗೆ. ಇಡೀ ಊರು ಬಿದ್ದು ಬಿದ್ದು ನಗುತ್ತದೆ. ಸಿಂಕ್ಲೇರ್ ಕಣ್ಣೊರೆಸಿಕೊಳ್ಳುತ್ತಾ ಕೂಗುತ್ತಾನೆ, "ಹಿಡಿ ಜೆಮೈಮಾ, ಹಿಡಿಯೇ!"

ಜೆಮೈಮಾ ನಿಂತು ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತಾರೆ. ಷಾರ್ಲೀನ್ ಅವರನ್ನು ದಾಟಿ ಓಡುತ್ತಾಳೆ.

"ಎಷ್ಟೋ ಮಕ್ಕಳ ಹಿಂದೆ ಓಡಿದೀನಿ" ಎನ್ನುತ್ತಾರೆ ಅವರು, ಮುಖ ಅರಳಿಸಿಕೊಂಡು. "ಊರಲ್ಲಿ ಒಂದೂ ನನ್ನ ಕೈಗೆ ಸಿಗಬಾರದು ನೋಡಿ. ನನಗೆ ಬೇಕಾಗಿರೋದು ಅಷ್ಟೇ."