ಒತ್ತಿದರೆ ಸುಮ್ಮನಾಗುವ ಪೆಟ್ಟಿಗೆ

ನನ್ನ ಯಜಮಾನರು ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ನಿವೃತ್ತಿಯ ನಂತರ ಮನೆಯಲ್ಲೇ ಕರೆಂಟಿನಿಂದ ಸ್ವರ ಹುಟ್ಟಿಸುವ ಒಂದು ಸಿಂಥಸೈಜರ್ ಕಟ್ಟಿದರು. ಕಟ್ಟಿಗೆಯ ಪೆಟ್ಟಿಗೆ, ಅದರ ಮುಖದ ತುಂಬ ತಿರುವುಗುಂಡಿ, ಒಂದು ತೂತಿನಿಂದ ಇನ್ನೊಂದಕ್ಕೆ ಚುಚ್ಚಿದ ಬಣ್ಣದ ವೈರುಗಳು.

"ಕರುಳು ಹೊರಗ ಹಾಕ್ಕೊಂಡು ಕುಂತೈತಿ ನೋಡ್ರಿ ನಿಮ್ಮ ಕೂಸು" ಎಂದು ಕಾಡುತ್ತಿದ್ದೆ. "ಅತ್ತರ ಎತ್ತಿಕೋ" ಎನ್ನುತ್ತಿದ್ದರು.

ಅವರು ಹೋದ ಮೇಲೆ ನಾನು ಅದರ ಸ್ವಿಚ್ ಹಾಕಲಿಲ್ಲ. ಅದನ್ನು ನುಡಿಸಲು ಅವರೇ ಮಾಡಿದ್ದ ಕೀಬೋರ್ಡಿನ ವೈರುಗಳನ್ನು ಇಲಿ ಕಡಿದಿತ್ತು. ಅವರ ಮಾತಿನ ರೆಕಾರ್ಡಿಂಗ್ ಒಂದೂ ನನ್ನ ಬಳಿ ಇಲ್ಲ. ಪೆಟ್ಟಿಗೆಯಲ್ಲಿ ಅವರು ಕೂಡಿಸಿದ ಆ ದನಿಯನ್ನಾದರೂ ಇನ್ನೊಮ್ಮೆ ಕೇಳಬೇಕು ಅನ್ನಿಸುತ್ತಿತ್ತು.

ಮೂಡಲಗಿಯಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟಿರುವ ನನ್ನ ಮೈದುನ ಹೋದ ತಿಂಗಳು ಹುಕ್ಕೇರಿಯಿಂದ ಒಂದು ಹಳೆಯ ಕೀಬೋರ್ಡ್ ತಂದ. ಅದರಿಂದ ಪೆಟ್ಟಿಗೆಗೆ ಎರಡು ವೈರು. ಯಾವ ಸ್ವರ ಎಂದು ಒಂದು ಹೇಳುತ್ತದೆ, ಯಾವಾಗ ನುಡಿಯಬೇಕು ಎಂದು ಇನ್ನೊಂದು. ಮೊದಲನೆಯದರಲ್ಲಿ ಒಂದು ವೋಲ್ಟ್ ಏರಿದರೆ ಸ್ವರ ಕೆಳಗಿನ ಷಡ್ಜದಿಂದ ಮೇಲಿನ ಷಡ್ಜಕ್ಕೆ ಏರಬೇಕು.

ಸ್ವಿಚ್ ಹಾಕಿದ ಕೂಡಲೇ ಪೆಟ್ಟಿಗೆ ಕೂಗಲು ಶುರುಮಾಡಿತು. ಮೈದುನ ಕೀ ಒತ್ತಿದ. ಸುಮ್ಮನಾಯಿತು. ಬೆರಳು ತೆಗೆದ. ಮತ್ತೆ ಕೂಗು.

"ಥೇಟ್ ನಮ್ಮಣ್ಣನ ರೀ ವೈನಿ! ಮಾತಾಡು ಅಂದ್ರ ಮಾತಾಡೂದಿಲ್ಲ, ಬಿಟ್ರ ನಿಲ್ಲೂದಿಲ್ಲ" ಎಂದು ನಕ್ಕ. ಆಮೇಲೆ ವೈರು ಬೆಸೆಯುವ ಸೋಲ್ಡರ್ ಕಡ್ಡಿ ಕಾಯಿಸಲು ಇಟ್ಟ. "ಅಣ್ಣ ಉಲ್ಟಾ ಜೋಡಿಸ್ಯಾನ. ಕಿತ್ತು ಸರಿ ಮಾಡ್ತೇನಿ."

ಅದು ತಪ್ಪಲ್ಲ ಎಂದು ನನಗೆ ಗೊತ್ತಿತ್ತು. ಗಿರಣಿಯ ಮಾತನ್ನು ಅವರು ಊಟದ ಹೊತ್ತಿಗೆ ನೂರು ಸಲ ಹೇಳಿದ್ದರು: ನೂಲು ಗಟ್ಟಿ ಇರುವ ತನಕ ಕಾವಲಿನ ವೈರಿನಲ್ಲಿ ಕರೆಂಟ್ ಇರಬೇಕು, ನೂಲು ಹರಿದರೆ ಕರೆಂಟ್ ಹೋಗಬೇಕು, ಆಗ ಎಚ್ಚರಿಕೆಯ ದೀಪ ಹತ್ತಬೇಕು, ಹಾಗಿದ್ದರೆ ವೈರೇ ತುಂಡಾದರೂ ಗೊತ್ತಾಗುತ್ತದೆ. ಪೆಟ್ಟಿಗೆಯನ್ನೂ ಹಾಗೇ ಕಟ್ಟಿದ್ದರು. ಆ ಎರಡನೆಯ ವೈರಿನ ಕರೆಂಟ್ ಹೋದಾಗ ನುಡಿಯಬೇಕು. ಹುಕ್ಕೇರಿಯ ಕೀಬೋರ್ಡೋ ಒತ್ತಿದಾಗ ಕರೆಂಟ್ ಕೊಡುತ್ತಿತ್ತು.

"ಅವರು ಮಾಡಿದ್ದನ್ನ ಮುಟ್ಟಬ್ಯಾಡೋ ತಮ್ಮಾ. ನಡುವ ಏನಾರ ಮಾಡು" ಎಂದೆ.

"ನಲವತ್ತು ವರ್ಷ ಅವನ ಕೂಡ ಜಗಳಾಡಿದ್ರಿ, ಈಗ ವಕೀಲಕಿ ಮಾಡಾಕತ್ತೀರಿ?"

ಆದರೂ ಒಪ್ಪಿದ. ಕರೆಂಟ್ ಇದ್ದರೆ ಇಲ್ಲ, ಇಲ್ಲದಿದ್ದರೆ ಇದೆ ಎಂದು ತಿರುಗಿಸಿ ಹೇಳುವ ಒಂದು ಟ್ರಾನ್ಸಿಸ್ಟರ್ ಹಾಕಿ, ಅವರ ಖಾಲಿ ಸುಣ್ಣದ ಡಬ್ಬಿಯೊಳಗೆ ಕಾಗದ ಸುತ್ತಿ ಕೂರಿಸಿದ.

ಸ್ವರ ಸರಿಪಡಿಸುವ ಸ್ಕ್ರೂ ಹುಡುಕಲು ಹಿಂದಿನ ಹಲಗೆ ಬಿಚ್ಚಿದೆವು. ಸ್ಕ್ರೂ ಅಲುಗದಂತೆ ಅದರ ಮೇಲೆ ಕೆಂಪು ಉಗುರುಬಣ್ಣ ಬಳಿದಿತ್ತು. ನನ್ನದೇ. ಬಾಟಲಿ ಎಲ್ಲಿ ಎಂದು ಆಗ ನಾನು ಕೇಳಿದ್ದಕ್ಕೆ "ನಾ ಏನ್ ಹಚ್ಕೋತೇನೇನ?" ಎಂದು ಸಿಟ್ಟಾಗಿದ್ದರು.

"ಕಳ್ಳ" ಎಂದೆ. ಮೈದುನ ಆ ಕಡೆ ಮುಖ ತಿರುಗಿಸಿದ. ಸ್ಕ್ರೂ ತಿರುವಬೇಕಾಗಲಿಲ್ಲ. ಷಡ್ಜದಿಂದ ಷಡ್ಜಕ್ಕೆ ಸ್ವರ ಸರಿಯಾಗಿಯೇ ಏರಿತು.

ನಾನು ಕೀ ಒತ್ತಿದೆ. ನುಡಿಯಿತು. ಬಿಟ್ಟೆ. ನಿಂತಿತು.

"ಈಗ ನಿಮ್ಮ ಮಾತು ಕೇಳಾಕತ್ತೈತಿ ನೋಡ್ರಿ."

"ಹಂಗಾರ ಅದು ಅವರ ದನಿ ಅಲ್ಲ ಬಿಡು" ಎಂದು ಡಬ್ಬಿಯ ವೈರು ಕಿತ್ತೆ. ಯಾರೂ ಒತ್ತದೆಯೇ ಪೆಟ್ಟಿಗೆ ಮತ್ತೆ ಕೂಗತೊಡಗಿತು. ಅದನ್ನು ಹಾಗೇ ಬಿಟ್ಟು, ಚಹಾಕ್ಕಿಡಲು ಒಳಗೆ ಹೋದೆ.