ಮಾವನವರಿಗೆ ದಾರಿ ಪರೀಕ್ಷೆ

ಜೋಗುಪಾಳ್ಯದಲ್ಲಿ ನಾವು ಬಾಡಿಗೆಗಿದ್ದ ಮನೆಯಿಂದ ಮಹದೇವಪುರದ ಪಕ್ಕದ ನನ್ನ ಮಾವನವರ ಊರಿನವರೆಗೆ, ಮುಖ್ಯರಸ್ತೆಯನ್ನು ನಾಲ್ಕೇ ಕಡೆ ಅಡ್ಡ ದಾಟಿ, ಉಳಿದಂತೆ ಸಂದಿಗೊಂದಿ, ಕೆರೆ ಏರಿ, ರೈಲು ಹಳಿಯ ಪಕ್ಕದ ಕಾಲುದಾರಿಗಳಲ್ಲೇ ಸೈಕಲ್ ಹೊಡೆದುಕೊಂಡು ಹೋಗಬಹುದು ಎಂದು ಕಂಡುಹಿಡಿದವನು ನಾನು. ಇದನ್ನು ಕಂಡುಹಿಡಿಯಿರಿ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಆದರೂ ಸಿಕ್ಕವರಿಗೆಲ್ಲ ಹೇಳುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ವಿಮಾ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ವಾರವಿಡೀ ಕುರ್ಚಿಯಲ್ಲಿ ಕೂತವನಿಗೆ ಭಾನುವಾರ ಬಂತೆಂದರೆ ಕಾಲು ತುರಿಸುತ್ತಿತ್ತು. ಸೈಕಲ್ ಹತ್ತಿ ಹೊರಟು, ಯಾವ ಸಂದಿ ಎಲ್ಲಿ ಬಾಯಿ ತೆರೆಯುತ್ತದೆ ಎಂದು ನೋಡಿ ಬಂದು, ಹಳೆಯ ಡೈರಿಯೊಂದರಲ್ಲಿ ಗಂಭೀರವಾಗಿ ಬರೆದಿಡುತ್ತಿದ್ದೆ. ‘ಹಲಸೂರು ಕೆರೆ ಹಿಂದಿನ ಸಂದಿ: ಸೈಕಲ್ ಹಿಡಿಸುತ್ತದೆ, ಹೊಟ್ಟೆ ಒಳಗೆ ಎಳೆದುಕೊಳ್ಳಬೇಕು.’ ‘ಇಂದಿರಾನಗರದ ಹಿತ್ತಿಲ ಗಲ್ಲಿ: ಕಂದು ನಾಯಿ ಇದೆ, ಬಿಸ್ಕತ್ತಿಗೆ ಒಪ್ಪುತ್ತದೆ.’ ಹೀಗೆ ಸುಮಾರು ಎಂಬತ್ತು ಪುಟ. ದೇಶಕ್ಕೆ ಇದರಿಂದ ಏನೋ ಉಪಕಾರವಾಗುತ್ತಿದೆ ಎಂದೇ ನಾನು ನಂಬಿದ್ದೆ.

ನನ್ನ ಹೆಂಡತಿ ನಂಬಿರಲಿಲ್ಲ. "ರೀ, ಆ ಡೈರಿ ಬರೆಯೋ ಹೊತ್ತಲ್ಲಿ ಸೈಕಲ್ ಚೈನಿಗೆ ಒಂದ್ ತೊಟ್ಟು ಎಣ್ಣೆ ಹಾಕ್ಬಾರ್ದಾ? ನೀವು ಬೀದಿ ಆ ತುದೀಲಿ ಇರೋವಾಗ್ಲೇ ಕಿರ್ರೋ ಅನ್ನುತ್ತೆ, ನಾನು ಇಲ್ಲಿ ಕುಕ್ಕರ್ ಇಡ್ತೀನಿ" ಎನ್ನುತ್ತಿದ್ದಳು. ಊಟ ಬಿಸಿಯಾಗಿ ಸಿಗುತ್ತಿದ್ದುದರಿಂದ ನಾನು ಎಣ್ಣೆ ಹಾಕಲಿಲ್ಲ.

ನನ್ನ ಮಾವನವರು ಬೇರೆಯೇ ಥರದ ಮನುಷ್ಯ. ಒಂದು ಕಾಲಕ್ಕೆ ಸೊಪ್ಪು ಬೆಳೆದು, ಎತ್ತಿನ ಗಾಡಿಯಲ್ಲಿ ಹೇರಿಕೊಂಡು ರಸೆಲ್ ಮಾರುಕಟ್ಟೆಗೆ ಹಾಕಿ ಬರುತ್ತಿದ್ದವರು. ಆಮೇಲೆ ಹೊಲಗಳೆಲ್ಲ ಸೈಟುಗಳಾದವು, ಎತ್ತುಗಳು ಹೋದವು, ಮಾವನವರಿಗೆ ಸಕ್ಕರೆ ಕಾಯಿಲೆ ಬಂತು. ಉಳಿದದ್ದು ಒಂದೇ ಅಭ್ಯಾಸ. ವಾರಕ್ಕೊಮ್ಮೆ ಬಿಳಿ ಪಂಚೆ ಉಟ್ಟು, ಬಸ್ಸು ಹತ್ತಿ, ಆ ಮಾರುಕಟ್ಟೆಗೆ ಹೋಗಿ, ಹಳೆಯ ಸ್ನೇಹಿತನಾದ ನಿಂಬೆಹಣ್ಣಿನ ಸಾಹೇಬರ ಜೊತೆ ಒಂದು ಟೀ ಕುಡಿದು, ಮೂರು ನಿಂಬೆಹಣ್ಣು ಹಿಡಿದುಕೊಂಡು ಬರುವುದು. ಅವರ ಮನೆಯ ಹಿತ್ತಿಲಲ್ಲೇ ನಿಂಬೆಗಿಡ ಇತ್ತು. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ಒಂದು ವಾರ ಅವರು ತಪ್ಪು ಬಸ್ಸು ಹತ್ತಿ ಹೊಸಕೋಟೆಗೆ ಹೋಗಿಬಿಟ್ಟರು. ಬೆಳಗ್ಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರು. ಅತ್ತೆ ಅಷ್ಟರಲ್ಲಿ ಮೂರು ದೇವರಿಗೆ ಹರಕೆ ಹೊತ್ತಾಗಿತ್ತು.

"ಇನ್ಮೇಲೆ ಒಬ್ರೇ ಎಲ್ಲೂ ಹೋಗಂಗಿಲ್ಲ" ಎಂದರು ಅತ್ತೆ.

"ನಾನು ಸರಿಯಾಗೇ ಕೂತಿದ್ದೆ. ಬಸ್ಸು ದಾರಿ ತಪ್ಪಿದ್ದು" ಎಂದರು ಮಾವ.

ಅತ್ತೆ, ನನ್ನ ಹೆಂಡತಿ ಇಬ್ಬರೂ ಕೂತು ತೀರ್ಮಾನಿಸಿಬಿಟ್ಟರು. ಊರ ಅರಳಿಕಟ್ಟೆಯವರೆಗೆ ಹೋಗಬಹುದು, ಆಚೆಗೆ ಹೋಗುವುದಾದರೆ ಯಾರಾದರೂ ಜೊತೆಗಿರಬೇಕು. ಮಾವನವರ ಮುಖ ಸಣ್ಣದಾಯಿತು. ಅವರು ಕೋಪ ಮಾಡಿಕೊಂಡಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಚಪ್ಪಲಿ ನೋಡುತ್ತಾ ಅಂದರು: "ಬಸ್ಸಿನ ಸಹವಾಸ ಬ್ಯಾಡ. ನಡ್ಕಂಡೇ ಹೋಗ್ತೀನಿ, ನಮ್ಮ ಗಾಡಿ ದಾರೀಲಿ. ಕಣ್ಣು ಮುಚ್ಕಂಡು ಹೋಗ್ತೀನಿ. ಬೇಕಾದ್ರೆ ಅಳಿಯಂದ್ರು ಜೊತೇಲಿ ಬಂದು ನೋಡ್ಲಿ. ತಪ್ಪಿದ್ರೆ ಜನ್ಮದಲ್ಲಿ ಹೊಸಲು ದಾಟಲ್ಲ."

ಹೀಗೆ ನಾನು ಪರೀಕ್ಷಕನಾದೆ. ಸಂಬಳವಿಲ್ಲದ ಹುದ್ದೆ, ಕಷ್ಟದ್ದು ಬೇರೆ. ಏಕೆಂದರೆ ನಮ್ಮಲ್ಲಿ ಮಾವನ ಮಾತಿಗೆ ಎದುರಾಡುವ ಹಕ್ಕು ಅಳಿಯನಿಗಿಲ್ಲ, ಅಳಿಯನ ಎದುರು ಸೋಲುವ ಹಕ್ಕು ಮಾವನಿಗಿಲ್ಲ. ನನ್ನ ಮದುವೆಯಾದ ನಾಲ್ಕು ವರ್ಷಗಳಲ್ಲಿ ನಾವಿಬ್ಬರೂ ಹವಾಮಾನದ ಬಗ್ಗೆ ಬಿಟ್ಟರೆ ಬೇರೇನೂ ಮಾತಾಡಿರಲಿಲ್ಲ.

ಭಾನುವಾರ ಬೆಳಗ್ಗೆ ಆರಕ್ಕೆ ಮಾವನವರ ಮನೆಯಿಂದ ಹೊರಟೆವು. ಅವರು ಮುಂದೆ, ಸೈಕಲ್ ತಳ್ಳಿಕೊಂಡು ನಾನು ಹಿಂದೆ. ನನ್ನ ಡೈರಿ ಜೇಬಿನಲ್ಲಿತ್ತು. ಈ ದಾರಿಯ ಮುಕ್ಕಾಲು ಪಾಲು ನನಗೆ ಬಾಯಿಪಾಠ. ಆದರೆ ಪರೀಕ್ಷಕ ಉತ್ತರ ಹೇಳಿಕೊಡಬಾರದಲ್ಲ, ಸುಮ್ಮನಿದ್ದೆ.

ಊರಾಚೆ ಬಂದದ್ದೇ ಮಾವನವರು ಮೊದಲ ಕವಲಿನಲ್ಲಿ ನಿಂತು ಕಣ್ಣು ಮುಚ್ಚಿದರು. ತಲೆಯನ್ನು ಸ್ವಲ್ಪ ವಾಲಿಸಿದರು. "ಇಲ್ಲಿ ಎಡಕ್ಕೆ ವಾಲ್ತಿತ್ತು" ಎಂದು ಎಡಕ್ಕೆ ನಡೆದರು. ಎಂಥ ಜ್ಞಾಪಕ ಎಂದು ನಾನು ತಲೆದೂಗಿದೆ. ಎಡಕ್ಕೆ ಹೊಸದೊಂದು ಅಪಾರ್ಟ್‌ಮೆಂಟ್ ಎದ್ದಿತ್ತು. ಮಾವನವರು ಗೇಟು ದಾಟಿ, ಹೂಕುಂಡಗಳ ನಡುವೆ ಸಾಗಿ, ಅಮೃತಶಿಲೆ ಹಾಸಿದ ಒಳಾಂಗಣದಲ್ಲಿ ನಿಂತು ಕಾಲಿನಿಂದ ನೆಲ ಒತ್ತಿ ನೋಡಿದರು.

ಕಾವಲುಗಾರ ಓಡಿ ಬಂದ. "ಯಾರು ಬೇಕು ಸಾರ್? ಯಾವ ಫ್ಲಾಟು?"

"ಇಲ್ಲಿ ಕುಲುಕಾಟ ಇರ್ಬೇಕಿತ್ತಲ್ಲಪ್ಪ" ಎಂದರು ಮಾವ.

"ಏನಿರ್ಬೇಕಿತ್ತು?"

"ಕುಲುಕಾಟ. ಗಾಡಿ ಗಡಗಡ ಅಂತಿತ್ತು ಇಲ್ಲಿ. ಕಲ್ಲು ಎಲ್ಲಿ ಹಾಕಿದ್ರಿ?"

ಅವನು ನನ್ನ ಮುಖ ನೋಡಿದ. ನಾನು ಸೈಕಲ್ಲಿನ ಬೆಲ್ಲನ್ನು ಪರೀಕ್ಷಿಸುತ್ತಿರುವವನಂತೆ ತಲೆ ತಗ್ಗಿಸಿದೆ. ಕೊನೆಗೆ ಅವನು ಬಹಳ ಮರ್ಯಾದೆಯಿಂದ, ಕಲ್ಲುಗಳನ್ನು ಅಸೋಸಿಯೇಷನ್‌ನವರು ತೆಗೆಸಿರಬೇಕು, ಸೋಮವಾರ ಬಂದು ವಿಚಾರಿಸಿ ಎಂದ. ಮಾವನವರಿಗೆ ಇದು ನ್ಯಾಯವಾಗಿ ಕಂಡಿತು. ಹಿಂಭಾಗದ ಗೇಟಿನಿಂದ ಹೊರಗೆ ಬಂದೆವು.

ಅವರ ಗುರುತುಗಳೆಲ್ಲ ಇದೇ ಥರ. ಬಾವಿ, ಗುಡಿ, ಮರ ಎಂದು ಜನ ಹೇಳುವ ಗುರುತು ಒಂದೂ ಇಲ್ಲ. ಇಲ್ಲಿ ಕಪ್ಪೆ ಒದರುತ್ತಿದ್ದವು. ಇಲ್ಲಿ ಗಾಲಿ ಧಡ್ ಎಂದು ಇಳಿಯುತ್ತಿತ್ತು. ಇಲ್ಲಿ ತಣ್ಣಗೆ ಗಾಳಿ ಬರುತ್ತಿತ್ತು, ಕಂಬಳಿ ಎಳೆದುಕೊಳ್ಳಬೇಕು. ಪ್ರತಿ ತಿರುವಿನಲ್ಲೂ ಕಣ್ಣು ಮುಚ್ಚಿ ನಿಲ್ಲುವರು. ಹೊಸ ರಿಂಗ್ ರೋಡಿನ ಅಂಚಿನಲ್ಲೂ ಹಾಗೆ ನಿಂತಾಗ ಮಾತ್ರ ನಾನು ಸಂಪ್ರದಾಯವನ್ನೆಲ್ಲ ಬದಿಗಿಟ್ಟು ಅವರ ತೋಳು ಹಿಡಿದುಕೊಂಡೆ. ಲಾರಿಗಳು ಯಾರ ಜ್ಞಾಪಕಶಕ್ತಿಗೂ ಬೆಲೆ ಕೊಡುವುದಿಲ್ಲ.

ಬೆನ್ನಿಗಾನಹಳ್ಳಿ ಕೆರೆಯ ಹತ್ತಿರ ದಾರಿ ಎರಡಾಗುತ್ತದೆ. ಒಂದು ಹಳಿ ಪಕ್ಕಕ್ಕೆ ಏರುತ್ತದೆ, ಇನ್ನೊಂದು ನೀರಿಗೆ ಇಳಿಯುತ್ತದೆ. ಡೈರಿಯಲ್ಲಿ ನಾನೇ ಕೆಂಪು ಶಾಯಿಯಲ್ಲಿ ‘ಇಳಿಯಬಾರದು’ ಎಂದು ಬರೆದಿದ್ದೆ. ಮಾವನವರು ಕಣ್ಣು ಮುಚ್ಚಿ, ಮೂಗು ಎತ್ತಿ, "ನೀರಿನ ವಾಸನೆ. ಇದೇ" ಎಂದು ಇಳಿದರು. ಹತ್ತು ಹೆಜ್ಜೆಗೆ ಮೊಣಕಾಲುದ್ದ ಕೆಸರು. ಎಳೆದು ಮೇಲೆ ತರುವಷ್ಟರಲ್ಲಿ ಅವರ ಎಡಗಾಲಿನ ಚಪ್ಪಲಿ ಕೆರೆಯ ಪಾಲಾಯಿತು.

ಹಿರಿಯರು ಒಂಟಿ ಚಪ್ಪಲಿಯಲ್ಲಿ ನಡೆಯುವಾಗ ಅಳಿಯ ಎರಡೂ ಮೆಟ್ಟಿಕೊಂಡು ಬರುವುದು ಹೇಗೆ? ನನ್ನ ಜೋಡಿ ಕೊಟ್ಟೆ, ಅವರ ಪಾದಕ್ಕೆ ಹತ್ತಲಿಲ್ಲ. ಕೊನೆಗೆ ಇಬ್ಬರೂ ಬರಿಗಾಲು. ಉಳಿದ ಮೂರು ಚಪ್ಪಲಿಗಳು ನನ್ನ ಸೈಕಲ್ ಹ್ಯಾಂಡಲಿಗೆ ತೂಗಾಡಿದವು.

ಅಲ್ಲಿಂದ ಮುಂದೆ ನಾನು ಮೋಸಕ್ಕಿಳಿದೆ. ಇವರನ್ನು ಇವರ ಪಾಡಿಗೆ ಬಿಟ್ಟರೆ ರಾತ್ರಿಯೊಳಗೆ ತಮಿಳುನಾಡು ಸೇರುತ್ತೇವೆ ಎನಿಸಿತು. ಕಾಲು ನೋಯುತ್ತಿದೆಯೇನೋ, ಕ್ಯಾರಿಯರ್ ಹಿಡಿದುಕೊಂಡು ಬನ್ನಿ ಎಂದೆ. ಅವರು ಹಿಡಿದುಕೊಂಡರು. ನಾನು ಮುಂದಾದೆ. ಬೈಯಪ್ಪನಹಳ್ಳಿಯ ಹಳಿ ಪಕ್ಕ, ಇಂದಿರಾನಗರದ ಹಿತ್ತಿಲ ಗಲ್ಲಿಗಳು, ಬಿಸ್ಕತ್ತಿನ ನಾಯಿ, ಎಲ್ಲ ನನ್ನ ಡೈರಿಯ ಪ್ರಕಾರ ಒಂದೊಂದಾಗಿ ಬಂದವು. ನಾನು ತಿರುಗಿದ ಮೇಲೆ ಹಿಂದಿನಿಂದ ಮಾವನವರ ದನಿ ಬರುತ್ತಿತ್ತು: "ಹೂಂ, ಇದೇ." ತಿರುಗಿ ನೋಡಿದರೆ ಕ್ಯಾರಿಯರ್ ಹಿಡಿದು, ಕಣ್ಣು ಮುಚ್ಚಿ, ನೆಮ್ಮದಿಯಾಗಿ ನಡೆಯುತ್ತಿದ್ದರು. ಚೈನು ಕಿರ್ರೋ ಎನ್ನುತ್ತಿತ್ತು. ಹಲಸೂರು ಪೇಟೆಯಲ್ಲಿ ಮಾತ್ರ ಕಾಫಿಪುಡಿಯ ವಾಸನೆಗೆ ಕಣ್ಣು ಬಿಟ್ಟು, "ಇಲ್ಲಿಗೆ ಬಂದ್ರೆ ಮುಗೀತು. ಇನ್ನು ಒಂದ್ ಆಕಳಿಕೆ ದೂರ" ಎಂದರು. ದೂರವನ್ನು ಆಕಳಿಕೆಯಲ್ಲಿ ಅಳೆಯುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಮಾರುಕಟ್ಟೆ ಮುಟ್ಟಿದಾಗ ಹತ್ತೂವರೆ. ನಿಂಬೆಹಣ್ಣಿನ ರಾಶಿಯ ಹಿಂದೆ ಕೂತಿದ್ದ ಬಿಳಿ ಗಡ್ಡದ ಸಾಹೇಬರು ನಮ್ಮ ಕೆಸರು ಕಾಲುಗಳನ್ನೂ ತೂಗಾಡುವ ಚಪ್ಪಲಿಗಳನ್ನೂ ನೋಡಿ ಎದ್ದು ನಿಂತರು.

"ಅರೆ ಯಜಮಾನ್ರೇ! ಏನಿದು ಅವತಾರ?"

"ನಡ್ಕಂಡು ಬಂದ್ವಿ, ಊರಿಂದ. ಹಳೇ ಗಾಡಿ ದಾರೀಲಿ" ಎಂದರು ಮಾವ, ಎದೆ ಉಬ್ಬಿಸಿ.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಗೆ ದಾರಿ ಯಾವಾಗ ಗೊತ್ತಾಯ್ತು?" ಎಂದು ಕೇಳಿ, ನನ್ನ ಕಡೆ ತಿರುಗಿದರು. "ನೋಡಿ ಸಾಬ್, ಬೆಳಗಾಗೋ ಹೊತ್ತಿಗೆ ಎತ್ತುಗಳು ತಾವೇ ಬಂದು ಇಲ್ಲಿ ನಿಲ್ತಿದ್ವು. ಗಾಡಿ ಮೇಲೆ ಇವ್ರು ಗೊರ್ ಗೊರ್. ಮುಖಕ್ಕೆ ನೀರು ಹೊಡ್ದು ಎಬ್ಬಿಸೋದು ನನ್ ಡ್ಯೂಟಿ. ಎಷ್ಟು ವರ್ಷ! ಒಂದ್ ದಿನ ಆದ್ರೂ ಎದ್ದು ಕೂತ್ಕೊಂಡು ಬಂದಿದ್ದು ನಾನು ನೋಡಿಲ್ಲ."

ಎಲ್ಲವೂ ಒಂದೇ ಸಲ ಅರ್ಥವಾಯಿತು. ಕುಲುಕಾಟ, ಕಪ್ಪೆ, ಕಂಬಳಿ, ಆಕಳಿಕೆ. ಆ ದಾರಿಯುದ್ದಕ್ಕೂ ಈ ಮಹಾನುಭಾವರು ಕಣ್ಣು ಬಿಟ್ಟೇ ಇರಲಿಲ್ಲ. ನನಗೆ ನಗು ಉಕ್ಕಿ ಬಂತು. ಆದರೆ ಮಾವನವರು ನಗುತ್ತಿರಲಿಲ್ಲ.

ಟೀ ಬಂತು. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಕೇಳಿದರು: "ಮನೇಲಿ ಹೇಳ್ತೀರಾ?"

ನಾನು ಟೀ ಊದುತ್ತಾ ಕೂತೆ.

"ಹೇಳ್ಬೇಕಾದ್ರೆ ಹೇಳಿ. ಸುಳ್ಳು ಹೇಳಿ ಅನ್ನಲ್ಲ. ಆದ್ರೆ ಅಳಿಯಂದ್ರೆ, ವಾರಕ್ಕೊಂದ್ ದಿನ ನಾನು ಇಲ್ಲಿ ಬಂದು ಕೂತ್ರೆ ನಾನು ಯಾರು ಅಂತ ನಂಗೆ ನೆಪ್ಪಿರುತ್ತೆ. ಅಲ್ಲಿ ಮನೇಲಿ ಬರೀ ಮಾತ್ರೆ ನುಂಗೋನು ನಾನು."

ಅಷ್ಟೊಂದು ದೊಡ್ಡ ಮಾತನ್ನು ಅವರು ನನಗೆ ಹೇಳುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು ಕೇಳಿದೆ: "ಎತ್ತಿಗೆ ದಾರಿ ಕಲಿಸಿದ್ದು ಯಾರು ಮಾವ?"

"ನಮ್ಮಪ್ಪ. ಮೂರು ಸಲ ಮುಂದೆ ನಡ್ದು ಹಗ್ಗ ಹಿಡ್ಕಂಡು ಬಂದ. ಮೂರು ಸಲಕ್ಕೆ ಕಲ್ತ್ಕೊಂಡ್ವು."

"ನೀವೂ ಜೊತೇಲಿದ್ರಾ?"

"ಇದ್ದೆ. ಗಾಡಿ ಮೇಲೆ ಮಲಗಿದ್ದೆ."

ಈಗ ಇಬ್ಬರೂ ನಕ್ಕೆವು. ಟೀ ಚೆಲ್ಲುವಷ್ಟು ನಕ್ಕೆವು. ವಾಪಸು ಬಸ್ಸಿನಲ್ಲಿ ಹೋಗೋಣ, ಸೈಕಲ್ ಇಲ್ಲೇ ಇರಲಿ, ನಾಳೆ ಬಂದು ಒಯ್ಯುತ್ತೇನೆ ಎಂದು ಸಾಹೇಬರ ಅಂಗಡಿಯ ಹಿಂದೆ ನಿಲ್ಲಿಸಿದೆ. ಬಸ್ಸು ಹೊರಟ ಎರಡು ನಿಮಿಷಕ್ಕೆ ಮಾವನವರು ನನ್ನ ಭುಜಕ್ಕೆ ತಲೆಯಿಟ್ಟು ಮಲಗಿಬಿಟ್ಟರು. ನಮ್ಮ ನಿಲ್ದಾಣಕ್ಕೆ ಸರಿಯಾಗಿ ಎದ್ದು, "ಬಂತಾ?" ಎಂದರು.

ಮನೆಯಲ್ಲಿ ನಾನು ಸುಳ್ಳು ಹೇಳಲಿಲ್ಲ. ಪರೀಕ್ಷೆ ಮೂರು ಭಾಗದ್ದು, ಮೊದಲನೆಯದು ಮುಗಿದಿದೆ, ಫಲಿತಾಂಶ ಕೊನೆಗೆ ಎಂದೆ. "ಚಪ್ಪಲಿ ಎಲ್ಲಿ?" ಎಂದರು ಅತ್ತೆ. ಅದೂ ಫಲಿತಾಂಶದಲ್ಲಿ ಬರುತ್ತದೆ ಎಂದೆ.

ಮುಂದಿನ ಎರಡು ಭಾನುವಾರ ಮಾವನವರು ಕಣ್ಣು ಬಿಟ್ಟುಕೊಂಡು ನಡೆದರು. ಎರಡನೆಯ ವಾರ ನಾನು ಮುಂದೆ, ಅವರು ಪಕ್ಕದಲ್ಲಿ. ಮೂರನೆಯ ವಾರ ಅವರು ಮುಂದೆ, ನಾನು ಹಿಂದೆ. ದಾರಿಯಲ್ಲಿ ಕಂಡದ್ದಕ್ಕೆಲ್ಲ ಬೆರಗಾಗುತ್ತಿದ್ದರು. "ಅಲ್ಲಾ ಅಳಿಯಂದ್ರೆ, ಇಷ್ಟು ದೊಡ್ಡ ಬಂಡೆ ಇತ್ತಾ ಇಲ್ಲಿ? ಯಾರೂ ಹೇಳ್ಲೇ ಇಲ್ವಲ್ಲ." ನನ್ನ ಡೈರಿಯನ್ನು ಪೂರ್ತಿ ಓದಿದ ಏಕೈಕ ಮನುಷ್ಯ ಅವರೇ. ನಾಯಿಯ ವಿಷಯದಲ್ಲಿ ಒಂದು ತಿದ್ದುಪಡಿಯನ್ನೂ ಸೂಚಿಸಿದರು. ಅದು ರಸ್ಕಿಗೂ ಒಪ್ಪುತ್ತಿತ್ತು.

ಮಾವನವರು ಪಾಸು ಎಂದು ಘೋಷಿಸಿದೆ. ನಾಲ್ಕನೆಯ ಭಾನುವಾರ ಅವರು ಒಬ್ಬರೇ ಹೊರಟರು, ಹೊಸ ಚಪ್ಪಲಿ ಮೆಟ್ಟಿಕೊಂಡು. ಅವರು ತಿರುವಿನಲ್ಲಿ ಮರೆಯಾದದ್ದೇ ನನ್ನ ಹೆಂಡತಿ ಸೈಕಲ್ ತಂದು ನನ್ನ ಕೈಗೆ ಕೊಟ್ಟಳು. "ದೂರದಿಂದ ನೋಡ್ಕೊಂಡ್ ಹೋಗಿ. ಅಪ್ಪಂಗೆ ಗೊತ್ತಾಗ್ಬಾರ್ದು."

ನೂರು ಗಜ ಹಿಂದೆ, ಮರಗಳ ಮರೆಯಲ್ಲಿ, ಪತ್ತೇದಾರನ ಹಾಗೆ ಹೋದೆ. ಅಪಾರ್ಟ್‌ಮೆಂಟನ್ನು ಅವರು ಬಳಸಿ ಹೋದರು. ರಿಂಗ್ ರೋಡನ್ನು ಎರಡೂ ಕಡೆ ನೋಡಿ ದಾಟಿದರು. ಕೆರೆಯ ಕವಲಿಗೆ ಬಂದವರು ಗಕ್ಕನೆ ನಿಂತು, ಕಣ್ಣು ಮುಚ್ಚಿದರು.

ಮತ್ತೆ ಹಳೆಯ ಕಥೆ ಎಂದುಕೊಂಡೆ. ಕೂಗೋಣವೇ ಎನಿಸಿತು, ಬಾಯಿ ಮುಚ್ಚಿಕೊಂಡು ಕಾದೆ. ಅವರು ಕಣ್ಣು ತೆರೆಯಲೇ ಇಲ್ಲ. ಅವರು ನಿಂತಿದ್ದ ರೀತಿ ನೋಡುತ್ತಾ ನೋಡುತ್ತಾ ನನಗೆ ನಾಚಿಕೆಯಾಯಿತು. ಪಾಸು ಎಂದವನೇ ನಾನು, ಈಗ ಬೆನ್ನು ಹತ್ತಿದವನೂ ನಾನು. ಕೆಸರಿಗೆ ಇಳಿದರೆ ಇನ್ನೊಂದು ಚಪ್ಪಲಿ ಹೋದೀತು, ಅಷ್ಟೇ. ಸೈಕಲ್ ತಿರುಗಿಸಿಕೊಂಡು ಬಂದುಬಿಟ್ಟೆ. ಮನೆಯಲ್ಲಿ ಅತ್ತೆ, ಹೆಂಡತಿ ಇಬ್ಬರೂ ನನ್ನನ್ನು ತರಾಟೆಗೆ ತೆಗೆದುಕೊಂಡರು. ಮಧ್ಯಾಹ್ನವಾದರೂ ಯಾರೂ ಊಟ ಮಾಡಲಿಲ್ಲ.

ಎರಡು ಗಂಟೆಗೆ ಮಾವನವರು ಬಂದರು. ಎರಡೂ ಕಾಲಿನಲ್ಲಿ ಚಪ್ಪಲಿ, ಕೈಯಲ್ಲಿ ಮೂರು ನಿಂಬೆಹಣ್ಣು. ಅತ್ತೆ ಎಲೆ ಹಾಕಲು ಎದ್ದರು. ಹಿತ್ತಿಲಲ್ಲಿ ಕಾಲು ತೊಳೆಯುತ್ತಾ ಮಾವನವರು ನನ್ನನ್ನು ಹತ್ತಿರ ಕರೆದರು.

"ಆ ಚೈನಿಗೆ ಎಣ್ಣೆ ಹಾಕಿ, ಅಳಿಯಂದ್ರೆ. ಊರು ಬಿಟ್ಟಾಗಿಂದ ಕಿರ್ರೋ ಅಂತ ಹಿಂದೇನೇ ಬರ್ತಿತ್ತು. ಕೆರೆ ಹತ್ರ ನಿಂತು ಕಣ್ಣು ಮುಚ್ಕಂಡು ಕೇಳಿಸ್ಕಂಡೆ. ತಿರುಗಿ ಹೋಯ್ತು."

ನಾನು ಅವರ ಕಾಲಿಗೆ ಇನ್ನೊಂದು ಚೊಂಬು ನೀರು ಸುರಿದೆ.

"ಹೋಯ್ತಲ್ಲಾ, ಆಗ ನಂಗೆ ಧೈರ್ಯ ಬಂತು" ಎಂದು, ನನ್ನ ಕೈಗೆ ಒಂದು ನಿಂಬೆಹಣ್ಣು ಕೊಟ್ಟು, ಮಾವನವರು ಊಟಕ್ಕೆ ಒಳಗೆ ಹೋದರು.